ಭಾವನ ವಿಮಾನಕ್ಕೆ ನಾನು ಎಳೆದ ಗೀರು

ಈ ವರ್ಷ ಮಳೆ ಹಿಡಿಯುವ ಮೊದಲು ಮನೆಯ ಒಂದು ಕಿಟಕಿ ಬದಲಿಸಬೇಕೆಂದು ಬಂಟ್ವಾಳದಲ್ಲಿ ಅಲ್ಯೂಮಿನಿಯಂ ಕಿಟಕಿ ಮಾಡುವ ಅಂಗಡಿಗೆ ಹೋಗಿದ್ದೆ. ಒಳಗೆ ಒಬ್ಬರು ತಗಡಿನ ಮೇಲೆ ಒಂದು ಹನಿ ಚಿಮಿಣಿ ಎಣ್ಣೆ ಬಿಟ್ಟು ತೂತು ಕೊರೆಯುತ್ತಿದ್ದರು. ಬಿಸಿಯಾದ ಅಲ್ಯೂಮಿನಿಯಂ ಮತ್ತು ಚಿಮಿಣಿ ಎಣ್ಣೆ ಸೇರಿದರೆ ಒಂದು ವಾಸನೆ ಬರುತ್ತದೆ. ಬಸ್ಸಿನ ಬಾಡಿ ಕಟ್ಟಿಯೇ ಆಯುಷ್ಯ ಕಳೆದ ನನಗೆ ಅದು ಹೊಸತಲ್ಲ. ಆದರೆ ಆ ದಿನ ಅದು ನನ್ನ ಹಳೆಯ ಶೆಡ್ಡನ್ನು ನೆನಪಿಸಲಿಲ್ಲ. ಬೆಳುವಾಯಿಯಲ್ಲಿ ನನ್ನ ತಂಗಿಯ ಮನೆಯ ಹಿಂದಿರುವ ಕೊಟ್ಟಿಗೆಯನ್ನು, ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲವನ್ನು, ಅಲ್ಲಿ ನಾನು ಮಾಡಿದ ಒಂದು ಕೆಲಸವನ್ನು ನೆನಪಿಸಿತು. ಅಂಗಡಿಯವರು ಕಿಟಕಿಯ ಅಳತೆ ಕೇಳಿದರು. ಬರೆದು ತಂದಿದ್ದ ಚೀಟಿ ಜೇಬಿನಲ್ಲೇ ಇತ್ತು. ನಾಳೆ ಬರುತ್ತೇನೆ ಎಂದು ಹೇಳಿ ಹೊರಗೆ ಬಂದೆ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಬರೆದು ಅಭ್ಯಾಸವಿಲ್ಲ. ಆದರೆ ಇದನ್ನು ಬಾಯಿಯಲ್ಲಿ ಹೇಳಿದರೆ ಅಲ್ಲಲ್ಲಿ ನನಗೆ ಬೇಕಾದ ಹಾಗೆ ತಿರುಗಿಸಿಬಿಡುತ್ತೇನೆ ಎಂದು ಭಯವಾಗಿ ಬರೆಯಲು ಕುಳಿತಿದ್ದೇನೆ.

ನನ್ನ ತಂಗಿ ವಾರಿಜಳ ಗಂಡ ಸಂಜೀವ. ನನಗೆ ಭಾವ, ಅವರೂ ನನ್ನನ್ನು ಭಾವ ಎಂದೇ ಕರೆಯುವುದು. ನನಗಿಂತ ಪ್ರಾಯದಲ್ಲಿ ಸಣ್ಣವರಾದರೂ ನಾವು ಮೊದಲಿನಿಂದಲೂ ಪರಸ್ಪರ ಬಹುವಚನದಲ್ಲೇ ಮಾತಾಡುವವರು. ಅವರು ಗಲ್ಫಿನ ಒಂದು ವಿಮಾನ ನಿಲ್ದಾಣದಲ್ಲಿ ರಿಪೇರಿಯ ಹ್ಯಾಂಗರಿನಲ್ಲಿ ತಗಡಿನ ಕೆಲಸ ಮಾಡುತ್ತಿದ್ದರು. ಸಾಮಾನು ತರುವ ಗಾಡಿ ತಾಗಿ ವಿಮಾನದ ಮೈ ತಗ್ಗಿದರೆ, ಹಕ್ಕಿ ಬಡಿದು ರೆಕ್ಕೆಯ ಅಂಚು ಒಳಗೆ ಹೋದರೆ, ಆ ತುಂಡನ್ನು ತೆಗೆದು ಹೊಸ ತಗಡು ಮಡಚಿ, ರಿವೆಟ್ಟು ಹೊಡೆದು ಕೂರಿಸುವುದು ಅವರ ಉದ್ಯೋಗ. ಪ್ರಾಯ ಅರುವತ್ತಾದ ಮೇಲೆ ಊರಿಗೆ ಬಂದರು. ಬಂದ ಹೊಸತರಲ್ಲಿ ಮನೆಯ ನಲ್ಲಿ, ಮಿಕ್ಸಿ, ಬಾಗಿಲ ಚಿಲಕ ಎಲ್ಲವನ್ನೂ ರಿಪೇರಿ ಮಾಡಿದರು. ಹಾಳಾಗದ ಫ್ಯಾನನ್ನೂ ಒಮ್ಮೆ ಬಿಚ್ಚಿ ಕಟ್ಟಿದರು. ಇನ್ನು ನೆರೆಮನೆಗೇ ಹೋಗಬೇಕಷ್ಟೆ ಎಂದು ವಾರಿಜ ತಮಾಷೆ ಮಾಡುತ್ತಿದ್ದಳು.

ಮಳೆಗಾಲದ ಮೊದಲ ವಾರದಲ್ಲಿ ನನಗೆ ಫೋನು ಬಂತು. ಬನ್ನಿ ಭಾವ, ಒಂದು ವಿಷಯ ಉಂಟು ಎಂದರು. ಹೋದರೆ ಚಾವಡಿಯ ನೆಲದಲ್ಲಿ ಚಾಪೆಯಷ್ಟು ದೊಡ್ಡ ಕಾಗದಗಳನ್ನು ಹರಡಿ, ಮೂಲೆಗಳು ಸುರುಳಿಯಾಗದ ಹಾಗೆ ತೆಂಗಿನಕಾಯಿ ಇಟ್ಟಿದ್ದರು. ಇಬ್ಬರು ಕೂರುವ ಒಂದು ಸಣ್ಣ ವಿಮಾನದ ನಕ್ಷೆ. ಮನೆಯಲ್ಲೇ ವಿಮಾನ ಕಟ್ಟುವವರಿಗಾಗಿ ವಿದೇಶದಲ್ಲಿ ಇಂಥ ನಕ್ಷೆ ಮಾರುತ್ತಾರಂತೆ. ನನಗೆ ನಗು ಬಂತು. ಅವರೂ ನಕ್ಕರು.

"ನೀವು ಕಟ್ಟಿದ ಬಸ್ಸಲ್ಲಿ ಐವತ್ತು ಜನ ಕೂತು ಚಾರ್ಮಾಡಿ ಘಾಟಿ ಇಳಿದಿದ್ದಾರೆ. ನಾನು ನಗಾಡಿದ್ದೇನಾ? ಇದು ಇಬ್ಬರಿಗೆ ಮಾತ್ರ ಮಾರಾಯ್ರೇ" ಎಂದರು.

ಅವರು ಎಲ್ಲವನ್ನೂ ಯೋಚಿಸಿದ್ದರು. ಹಾರಿಸುವುದು ತಾವಲ್ಲ, ಲೈಸೆನ್ಸ್ ಇರುವವರು ಬೇಕು. ದೆಹಲಿಯಿಂದ ಒಪ್ಪಿಗೆ ಬರಬೇಕು. ಮಂಗಳೂರಿಗೆ ಇಳಿಯುವ ವಿಮಾನಗಳು ನಮ್ಮ ತಲೆಯ ಮೇಲಿಂದಲೇ ಹೋಗುವ ಕಾರಣ ಅಲ್ಲಿಯವರನ್ನೂ ಕೇಳಬೇಕು. ಒಪ್ಪಿಗೆ ಸಿಗದಿದ್ದರೆ ಘಟ್ಟದ ಮೇಲೆ ಬಯಲುಸೀಮೆಗೆ ಲಾರಿಯಲ್ಲಿ ಸಾಗಿಸಿ ಅಲ್ಲಿ ಹಾರಿಸುವುದು. ವರ್ಷಗಟ್ಟಲೆ ಬೇರೆಯವರ ವಿಮಾನದ ತಗ್ಗು ತೆಗೆದಾಯಿತು, ಒಮ್ಮೆ ಮೂಗಿನಿಂದ ಬಾಲದವರೆಗೆ ತನ್ನ ಕೈಯದ್ದೇ ಆಗಬೇಕು, ಅದರಲ್ಲಿ ಪಕ್ಕದ ಸೀಟಿನಲ್ಲಿ ಒಂದು ಸಲ ಕೂರಬೇಕು. ಅಷ್ಟೇ ಅವರ ಆಸೆ. ನನ್ನ ಬಾಡಿ ಶೆಡ್ಡು ಆಗಲೇ ಮುಚ್ಚಿತ್ತು. ತಗಡು ಮಡಚುವ ಮಿಷನ್ ಒಂದನ್ನು ಮಾತ್ರ ಮಾರಲು ಮನಸ್ಸಾಗದೆ ಇಟ್ಟುಕೊಂಡಿದ್ದೆ. ಅದನ್ನು ಪಿಕಪ್ಪಿನಲ್ಲಿ ಬೆಳುವಾಯಿಗೆ ತಂದು, ದನ ಇಲ್ಲದೆ ಖಾಲಿಯಾಗಿದ್ದ ಕೊಟ್ಟಿಗೆಯಲ್ಲಿ ಇಳಿಸಿದೆವು.

ಆ ಮಳೆಗಾಲದಷ್ಟು ಖುಷಿಯಾಗಿ ನಾನು ಬೇರೆ ಯಾವ ಮಳೆಗಾಲವನ್ನೂ ಕಳೆದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಬಂಟ್ವಾಳದಿಂದ ಬಸ್ಸು ಹತ್ತಿ, ಮೂಡುಬಿದಿರೆಯಲ್ಲಿ ಇಳಿದು ಬನ್ಸ್ ತಿಂದು, ಭಾವನಿಗೂ ಕಟ್ಟಿಸಿಕೊಂಡು, ಇನ್ನೊಂದು ಬಸ್ಸಿನಲ್ಲಿ ಬೆಳುವಾಯಿಗೆ ಹೋಗುತ್ತಿದ್ದೆ. ಮಳೆ ಬಿಟ್ಟ ದಿನಗಳಲ್ಲಿ ಅವರ ಹಳೆಯ ಕಾರಿನಲ್ಲಿ ಜಾಗ ಹುಡುಕಲು ಹೊರಡುತ್ತಿದ್ದೆವು. ಕೊಕ್ಕಡದಲ್ಲಿ ಪರಿಚಯದವರೊಬ್ಬರ ಜಾಗ ನೋಡಿದೆವು. ಉದ್ದವೇನೋ ಉಂಟು, ಆದರೆ ಮೂರು ಕಡೆ ರಬ್ಬರ್ ಮರ. ಮುಂಡಾಜೆಯಲ್ಲಿ ರಸ್ತೆ ಬದಿ ಕಾರು ನಿಲ್ಲಿಸಿ ಭಾವ ಹೆಗಲ ಮೇಲಿನ ಬೈರಾಸನ್ನು ಎರಡು ಕೈಯಲ್ಲಿ ಮೇಲೆತ್ತಿ ಹಿಡಿದು ನಿಂತರು. ಘಟ್ಟದಿಂದ ಇಳಿಯುವ ಗಾಳಿಗೆ ಬೈರಾಸು ಒಮ್ಮೆ ಆಚೆ, ಒಮ್ಮೆ ಈಚೆ ಹೊಡೆದುಕೊಂಡಿತು. ಇಲ್ಲಿ ಬೇಡ, ಈ ಗಾಳಿಗೆ ಬುದ್ಧಿ ಸ್ಥಿರ ಇಲ್ಲ ಎಂದರು. ಹೋಗುವ ಬಸ್ಸಿನವರೆಲ್ಲ ನಮ್ಮನ್ನು ಬಸ್ಸಿಗೆ ಕೈ ತೋರಿಸುವವರೆಂದು ತಿಳಿದು ನಿಧಾನ ಮಾಡುತ್ತಿದ್ದರು.

ಕೊನೆಗೆ ಮನಸ್ಸಿಗೆ ಬಂದದ್ದು ಮೂಡುಬಿದಿರೆ ಹತ್ತಿರದ ಒಂದು ಪದವು. ಮುರಕಲ್ಲಿನ ಆ ಬಯಲು ಗುಡ್ಡದ ತಲೆಯ ಮೇಲೆ ಮೇಜಿನ ಹಾಗೆ ಸಪಾಟಾಗಿತ್ತು. ಮಳೆಗಾಲದಲ್ಲಿ ಹುಲ್ಲು, ಬೇಸಗೆಯಲ್ಲಿ ಕರಿ ಕಲ್ಲು. ಅದರ ಯಜಮಾನರು ಜಿನರಾಜಣ್ಣ, ಹಳೆಯ ಜೈನ ಮನೆತನದವರು. ನಾವು ಬಂದ ಕೆಲಸ ಕೇಳಿ ಅವರು ಬಹಳ ಹೊತ್ತು ಗಂಭೀರವಾಗಿ ಯೋಚಿಸಿದರು.

"ನನ್ನದೇನೂ ಅಡ್ಡಿ ಇಲ್ಲ ಸಂಜೀವ. ಆದಿತ್ಯವಾರ ಮಾತ್ರ ಇಳಿಸ್ಬೇಡ. ಹುಡುಗರ ಕ್ರಿಕೆಟ್ ಉಂಟು. ಅವರು ಪಿಚ್ ಬಿಟ್ಟು ಏಳುವವರಲ್ಲ" ಎಂದರು.

ಜಾಗ ಸಿಕ್ಕಿದ ಮೇಲೆ ಭಾವ ಕೆಲಸಕ್ಕೆ ಕೈ ಹಾಕಿದರು. ಕೆಲಸ ಎಂದರೆ ವಿಮಾನವಲ್ಲ. ಮೊದಲು ಒಂದು ಮಾದರಿ ತುಂಡು. ರೆಕ್ಕೆಯ ಒಳಗೆ ಉದ್ದಕ್ಕೆ ಒಂದು ತೊಲೆ ಇರುತ್ತದೆ, ಭಾರ ಹೊರುವುದು ಅದೇ. ಅದರ ಹಾಗೆಯೇ ಒಂದು ಮೊಣಕಾಲುದ್ದದ ತುಂಡನ್ನು ಮಾಡಿ, ಒಂದು ತುದಿಯನ್ನು ಬೆಂಚಿಗೆ ಬಿಗಿದು, ಇನ್ನೊಂದು ತುದಿಗೆ ಮರಳಿನ ಚೀಲ ಹೇರುವುದು. ಅದು ತಡೆದರೆ ಮಾತ್ರ ಮುಂದೆ. ತಡೆಯದಿದ್ದರೆ ನಕ್ಷೆ ಸುತ್ತಿ ಇಡುತ್ತೇನೆ ಎಂದು ವಾರಿಜಳ ಎದುರಿಗೇ ಹೇಳಿದ್ದರು. ಗೆರೆ ಹಾಕಿ ತಗಡು ಕತ್ತರಿಸಿ ಕೊಡುವುದು ನಾನು, ಮಡಚುವುದು, ರಿವೆಟ್ಟು ಹೊಡೆಯುವುದು ಅವರು.

ಇಲ್ಲಿ ನನ್ನ ಕಸುಬಿನ ಒಂದು ಅಭ್ಯಾಸ ಹೇಳಬೇಕು. ಬಸ್ಸಿನ ಬಾಡಿ ಕಟ್ಟುವ ನಾವು ತಗಡಿನ ಮೇಲೆ ಮಡಚುವ ಗೆರೆಯನ್ನು ಉಕ್ಕಿನ ಸೂಜಿಯಿಂದ ಗೀರುತ್ತೇವೆ. ಅಳಿಸಿ ಹೋಗುವುದಿಲ್ಲ, ಮಡಚುವಾಗ ಸರಿಯಾಗಿ ಅಲ್ಲೇ ಮಡಚುತ್ತದೆ. ನಾನು ಮೊದಲ ದಿನ ಜೇಬಿನಿಂದ ಸೂಜಿ ತೆಗೆದದ್ದೇ ತಡ, ಭಾವ ಕೈ ಹಿಡಿದರು. ವಿಮಾನದ ತಗಡಿಗೆ ಉಗುರು ಕೂಡ ತಾಗಿಸಬಾರದು, ಸ್ಕೆಚ್ ಪೆನ್ನಿನಲ್ಲಿ ಮಾತ್ರ ಗೆರೆ ಎಂದರು.

"ಗೀರಿದ ಜಾಗದಲ್ಲೇ ಒಂದು ದಿನ ಬಿರುಕು ಬರ್ತದೆ. ಬಸ್ಸಲ್ಲಿ ಬಿರುಕು ಬಂದ್ರೆ ವೆಲ್ಡಿಂಗ್ ಮಾಡಿಸ್ತೀರಿ. ಮೇಲೆ ವೆಲ್ಡಿಂಗ್ ಶಾಪ್ ಇಲ್ಲ ಭಾವ."

ನಗುತ್ತಲೇ ನನ್ನ ಸೂಜಿಯನ್ನು ತೆಗೆದು ಕಿಟಕಿಯ ದಂಡೆಯ ಮೇಲೆ ಇಟ್ಟರು. ನಾನೂ ನಕ್ಕೆ. ಆದರೆ ಒಳಗೆ ಸಣ್ಣದಾಗಿ ಚುಚ್ಚಿತು. ನನ್ನ ಶೆಡ್ಡಿನಲ್ಲಿ ಹತ್ತಾರು ಮಂದಿ ನನ್ನ ಮಾತಿನಂತೆ ಕೆಲಸ ಮಾಡಿದ್ದಾರೆ. ಇಲ್ಲಿ ನನ್ನದೇ ಮಿಷನ್ನಿನ ಎದುರು ನಾನು ಗೆರೆ ಎಳೆಯುವ ಆಳು. ಮುಂದೆ ನಾನು ಮಾಡಿದ್ದಕ್ಕೆ ತಂಗಿಯ ಮೇಲಿನ ಪ್ರೀತಿಯೇ ಕಾರಣ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಈ ಚುಚ್ಚಿದ್ದೂ ಒಂದು ಕಾರಣ.

ವಾರಿಜಳಿಗೆ ಈ ವಿಮಾನ ಮೊದಮೊದಲು ತಮಾಷೆಯಾಗಿತ್ತು. ಜಿನರಾಜಣ್ಣ ಪದವು ಕೊಡುತ್ತೇನೆ ಎಂದ ದಿನದಿಂದ ಅವಳಿಗೆ ಹೆದರಿಕೆ ಹಿಡಿಯಿತು. ಒಂದು ದಿನ ನಾನು ಹೊರಡುವಾಗ ಕೊಡೆ ಹಿಡಿದುಕೊಂಡು ಬಸ್ ಸ್ಟಾಪಿನವರೆಗೆ ಬಂದಳು. ಬಸ್ಸು ತಿರುವಿನಲ್ಲಿ ಕಾಣುವಾಗ ಮಾತು ತೆಗೆದಳು.

"ಅಣ್ಣ, ನೀನೇ ಒಂದು ಮಾತು ಹೇಳು ಅವರಿಗೆ. ನೀನು ಆಗುವುದಿಲ್ಲ ಅಂದ್ರೆ ಕೇಳ್ತಾರೆ. ನಾನು ಇಷ್ಟು ವರ್ಷ ಫೋನಲ್ಲೇ ಸಂಸಾರ ಮಾಡಿದವಳು. ಈಗ ಮನೆಗೆ ಬಂದವರು ಆಕಾಶಕ್ಕೆ ಹೊರಟರೆ ನಾನು ಏನು ಮಾಡ್ಲಿ?"

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಹೇಳಲು ಹೊರಟದ್ದೂ ಹೌದು. ಆದರೆ ಕೊಟ್ಟಿಗೆಗೆ ಹೋದರೆ ಭಾವ ಕನ್ನಡಕವನ್ನು ಹಣೆಗೇರಿಸಿ, ಬನ್ಸಿನ ಪೊಟ್ಟಣ ಬಿಚ್ಚುತ್ತಾ, ಬಾಲದ ಭಾಗವನ್ನು ಆಟಿ ತಿಂಗಳಲ್ಲಿ ಮುಗಿಸುವ ಎಂದು ಶುರುಮಾಡುತ್ತಿದ್ದರು. ನಾನೂ ನಕ್ಷೆಯ ಮೇಲೆ ಬಗ್ಗುತ್ತಿದ್ದೆ. ಆಗುವುದಿಲ್ಲ ಎಂದು ಹೇಳಿದರೆ ಈ ಬೆಳಗುಗಳೂ ಮುಗಿಯುತ್ತವಲ್ಲ ಎಂಬ ಆಸೆಬುರುಕತನವೂ ಇತ್ತು. ಹೀಗೆ ನಾಳೆ, ನಾಳೆ ಎಂದು ಮಾದರಿ ತುಂಡಿನ ತಗಡು ಬರುವವರೆಗೂ ದೂಡಿದೆ.

ಆ ದಿನ ಜೋರು ಮಳೆ. ಭಾವ ಬೋಲ್ಟು ತರಲು ಮೂಡುಬಿದಿರೆಗೆ ಹೋಗಿದ್ದರು. ಹೋಗುವಾಗ ಗೆರೆ ಹಾಕಿ ಇಡಿ, ಬಂದು ಮಡಚುತ್ತೇನೆ ಎಂದಿದ್ದರು. ಬೆಂಚಿನ ಮೇಲೆ ಕನ್ನಡಿಯಂಥ ತಗಡು. ನಾನು ಸ್ಕೆಚ್ ಪೆನ್ನು ತೆಗೆದುಕೊಂಡೆ. ಮತ್ತೆ ಅದನ್ನು ಕೆಳಗಿಟ್ಟು, ಕಿಟಕಿಯ ದಂಡೆಯಿಂದ ಸೂಜಿ ತಂದು, ಮಡಚುವ ಗೆರೆಯ ಉದ್ದಕ್ಕೂ ಒತ್ತಿ ಗೀರಿದೆ. ಅದರ ಮೇಲೆ ಪೆನ್ನಿನಲ್ಲಿ ದಪ್ಪಗೆ ಗೆರೆ ಎಳೆದೆ. ಶಾಯಿಯ ಅಡಿಯಲ್ಲಿ ಗೀರು ಕಾಣುತ್ತಿರಲಿಲ್ಲ. ಸೂಜಿಯನ್ನು ಅದೇ ಜಾಗದಲ್ಲಿಟ್ಟೆ. ಇದು ಮಾದರಿ ತುಂಡು ತಾನೇ, ಯಾರೂ ಬೀಳುವುದಿಲ್ಲ, ಸಾಯುವುದಿಲ್ಲ, ಅವರೇ ಕೈಬಿಡುತ್ತಾರೆ, ನಾನು ಬಾಯಿ ಬಿಡುವ ಅಗತ್ಯವೇ ಇಲ್ಲ ಎಂದು ಲೆಕ್ಕ ಹಾಕಿದೆ. ಗೀರು ಒಂದಿಷ್ಟೂ ಓರೆಯಾಗದೆ ನೇರ ಬಂದಿತ್ತು ಎಂಬುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಪರೀಕ್ಷೆಯ ದಿನ ಜಿನರಾಜಣ್ಣನೂ ಬಂದಿದ್ದರು. ವಾರಿಜ ಎಲ್ಲರಿಗೂ ಚಾ ಕೊಟ್ಟು ಬಾಗಿಲಲ್ಲಿ ನಿಂತಳು. ಭಾವ ಮಗುವಿಗೆ ಬಟ್ಟೆ ಹೊದಿಸುವ ಹಾಗೆ ಒಂದೊಂದೇ ಚೀಲವನ್ನು ನಿಧಾನವಾಗಿ ಇಳಿಬಿಟ್ಟರು. ಹೊರಬೇಕಾದ ಭಾರದ ಅರ್ಧ ಆಗಿರಬೇಕು. ಒಣ ಹಾಳೆ ಸೀಳಿದಂಥ ಶಬ್ದ ಬಂತು. ಮಡಚಿದ ಗೆರೆಯ ಉದ್ದಕ್ಕೂ ತಗಡು ಬಾಯಿ ಬಿಟ್ಟು, ಚೀಲಗಳು ನೆಲಕ್ಕೆ ಬಿದ್ದವು.

ಭಾವ ಕುಕ್ಕರಗಾಲಲ್ಲಿ ಕೂತು ಬಿರುಕಿನ ಮೇಲೆ ಬೆರಳು ಎಳೆದರು. ಹರಿದ ಅಂಚಿನಲ್ಲಿ ಗೀರಿನ ಗುರುತು ಉಳಿದಿರಲಿಲ್ಲ. ಜಿನರಾಜಣ್ಣ ಏನೋ ಸಮಾಧಾನ ಹೇಳಿದರು. ಭಾವ ಅವರ ಕಡೆ ನೋಡದೆ ನನ್ನನ್ನು ಕೇಳಿದರು.

"ಭಾವ, ಗೆರೆ ಪೆನ್ನಲ್ಲೇ ಎಳೆದದ್ದಲ್ವಾ?"

"ಪೆನ್ನಲ್ಲೇ" ಎಂದೆ.

ಇನ್ನೊಮ್ಮೆ ಕೇಳಲಿಲ್ಲ ಅವರು. ತಕ್ಷಣ ನಂಬಿದರು. ಹಾಗಾದರೆ ನಾನೇ ಮಡಚಿದ್ದು ಹೆಚ್ಚಾಯಿತು, ಕೈಗೆ ಗೊತ್ತಾಗಲಿಲ್ಲ ಎಂದು ಎದ್ದು, ಚೀಲಗಳನ್ನು ಮೂಲೆಗೆ ಎಳೆದರು. ಸಂಜೆ ನಕ್ಷೆಗಳನ್ನು ಸುತ್ತಿ ಅಟ್ಟಕ್ಕೆ ಹಾಕಿದರು. ಕೊಟ್ಟ ಮಾತಿನಂತೆ ನಡೆದರು. ನಾನು ಬಸ್ಸಿನಲ್ಲಿ ಕೂತು, ತಂಗಿಗೆ ಒಳ್ಳೆಯದೇ ಆಯಿತು ಎಂದುಕೊಂಡೆ.

ವಿಷಯ ಅಲ್ಲಿಗೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೋ ಏನೋ. ಆಟಿ ಕಳೆದು, ಮಳೆ ಇಳಿಯುವ ಸೋಣ ತಿಂಗಳಲ್ಲಿ ಒಮ್ಮೆ ಹೋದಾಗ ನಾವಿಬ್ಬರೇ ಚಾವಡಿಯಲ್ಲಿ ಕೂತಿದ್ದೆವು. ಭಾವ ತಮ್ಮ ಬಲಗೈಯನ್ನು ತೊಡೆಯ ಮೇಲೆ ಮಲಗಿಸಿ ನೋಡುತ್ತಿದ್ದರು.

"ನನ್ನ ಕೈ ಯಾವಾಗ ಹೋದದ್ದು ಭಾವ? ಇಲ್ಲಿಗೆ ಬಂದ ಮೇಲಾ? ಅಲ್ಲಿದ್ದಾಗಲೇ ಹೋಗಿತ್ತಾ?"

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಕೊನೆಯ ಕೆಲವು ವರ್ಷ ಅಲ್ಲಿ ಎಷ್ಟು ವಿಮಾನಗಳಿಗೆ ತಗಡು ಮಡಚಿ ಕೂರಿಸಿದ್ದೇನೆ. ಅವು ಈಗಲೂ ಹಾರುತ್ತಿವೆ. ಒಳಗೆ ಮಕ್ಕಳು ಮರಿ ಕೂತಿರುತ್ತಾರೆ. ಕೈ ಆಗಲೇ ಹೋಗಿದ್ದರೆ? ಅಲ್ಲಿ ಎಲ್ಲ ಕೆಲಸವನ್ನೂ ಇನ್ನೊಬ್ಬರು ಪರೀಕ್ಷೆ ಮಾಡಿ ಸಹಿ ಹಾಕುತ್ತಾರಲ್ಲ ಎಂದೆ. ಹಾಕ್ತಾರೆ, ಆದರೆ ಈ ತುಂಡನ್ನೂ ನಾನು ಹತ್ತು ಸಲ ನೋಡಿಯೇ ಚೀಲ ಹೇರಿದ್ದಲ್ವಾ ಎಂದರು.

ಆ ಗಳಿಗೆ ಹೇಳಬೇಕಿತ್ತು. ಹೇಳಲಿಲ್ಲ. ಆಮೇಲಿನ ವರ್ಷಗಳಲ್ಲಿ ಅವರು ಸ್ಪ್ಯಾನರ್ ಮುಟ್ಟುವುದನ್ನೇ ಬಿಟ್ಟರು. ನಲ್ಲಿ ಸೋರಿದರೂ ಪ್ಲಂಬರನ್ನು ಕರೆಸುವರು. ಮೊದಲು ಮನೆಯ ಮೇಲೆ ವಿಮಾನದ ಶಬ್ದ ಕೇಳಿದರೆ ಅಂಗಳಕ್ಕೆ ಇಳಿದು, ಅದು ಯಾವ ಜಾತಿಯದ್ದು ಎಂದು ಹೇಳುತ್ತಿದ್ದವರು, ಈಗ ಶಬ್ದ ಕೇಳಿದರೆ ಒಳಗೆ ಹೋಗುವರು. ಟಿವಿಯಲ್ಲಿ ಎಲ್ಲಿಯೋ ವಿಮಾನಕ್ಕೆ ತೊಂದರೆಯಾಯಿತೆಂದು ಬಂದರೆ, ಅದು ತಮ್ಮ ಹ್ಯಾಂಗರಿಗೆ ಬರುತ್ತಿತ್ತೇ ಎಂದು ಹಳೆಯ ಸಹೋದ್ಯೋಗಿಗಳಿಗೆ ಫೋನು ಮಾಡುವರು. ನಾನು ಮಾತಾಡಿದ್ದೇನೆಂದೇ ತಿಳಿದಿದ್ದ ವಾರಿಜ ಮೊದಲು, ನೀನು ಹೇಳಿದ್ದಕ್ಕೆ ಉಪಕಾರವಾಯಿತು ಅಣ್ಣ ಎಂದವಳು, ಆಮೇಲೆ ಮನುಷ್ಯ ಒಳಗಿಂದೊಳಗೇ ಕರಗುತ್ತಿದ್ದಾರೆ, ಅದನ್ನಾದರೂ ಕಟ್ಟಲಿ ಎಂದು ಬಿಡಬೇಕಿತ್ತು ಎನ್ನುತ್ತಿದ್ದಳು. ನಾನು ಬನ್ಸಿನ ಪೊಟ್ಟಣ ಕೊಟ್ಟು, ಹವಾಮಾನ ಮಾತಾಡಿ ಬರುತ್ತಿದ್ದೆ.

ಕಿಟಕಿ ಅಂಗಡಿಯಿಂದ ಬಂದ ಮರುದಿನ ಬೆಳುವಾಯಿಗೆ ಹೋದೆ. ಭಾವ ಚಾವಡಿಯಲ್ಲಿ ಪೇಪರ್ ಓದುತ್ತಿದ್ದರು. ಕೂರುವ ಮೊದಲೇ ಹೇಳಿದೆ. ಸೂಜಿಯಲ್ಲಿ ಗೀರಿ ಅದರ ಮೇಲೆ ಪೆನ್ನಿನಲ್ಲಿ ಎಳೆದೆ, ನೀವು ಕೇಳಿದಾಗ ಸುಳ್ಳು ಹೇಳಿದೆ ಎಂದೆ. ಹೇಳುವಾಗ ಅವರ ಮುಖ ನೋಡಲು ಧೈರ್ಯ ಬರಲಿಲ್ಲ. ಪೇಪರ್ ಮಡಚುವ ಶಬ್ದ ಕೇಳಿತು.

"ಯಾವ ಬದಿ?"

"ಹೊರಗಿನ ಬದಿ."

"ಉದ್ದಕ್ಕೂ?"

"ಉದ್ದಕ್ಕೂ."

"ಒತ್ತಿ ಗೀರಿದ್ದಾ, ಹಗುರವಾ?"

"ಒತ್ತಿ."

ವಾರಿಜ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳನ್ನು ಇದರೊಳಗೆ ಎಳೆಯುವುದಿಲ್ಲ ಎಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡು ಬಂದಿದ್ದೆ. ಅವಳೇ ಮುಂದೆ ಬಂದಳು. ನಿಲ್ಲಿಸಲು ಅಣ್ಣನಿಗೆ ಹೇಳಿದ್ದು ನಾನು ಎಂದು ಗಂಡನಿಗೆ ಹೇಳಿ, ನನ್ನ ಕಡೆ ತಿರುಗಿದಳು.

"ನಾನು ಹೇಳು ಅಂದದ್ದು ಅಣ್ಣ. ಮಾಡು ಅಂದದ್ದಲ್ಲ."

ಭಾವ ಎದ್ದು ಕೊಟ್ಟಿಗೆಯ ಕಡೆ ನಡೆದರು. ಏನು ಮಾಡಬೇಕೆಂದು ತಿಳಿಯದೆ ನಾನೂ ಹಿಂದೆ ಹೋದೆ. ಮೂಲೆಯಲ್ಲಿ ಗೋಣಿ ಹೊದ್ದುಕೊಂಡು ಉಳಿದ ತಗಡು ಇತ್ತು. ಅದನ್ನು ಒರೆಸಿ ಬೆಂಚಿನ ಮೇಲಿಟ್ಟು, ಸ್ಕೆಚ್ ಪೆನ್ನು ಹುಡುಕಿ ನನ್ನ ಕೈಗೆ ಕೊಟ್ಟರು. ಅವರ ಎದುರಿಗೇ ಗೆರೆ ಎಳೆದು ಕತ್ತರಿಸಿ ಕೊಟ್ಟೆ. ಮಿಷನ್ನಿಗೆ ಎಣ್ಣೆ ಬಿಟ್ಟು, ಕನ್ನಡಕ ಹಾಕಿಕೊಂಡು, ಭಾವ ಅದನ್ನು ಮಡಚಿದರು. ಮೊದಲು ಒಂದೆರಡು ಸಲ ಹಿಡಿಕೆಯ ಮೇಲೆ ಕೈ ಇಟ್ಟು ತೆಗೆದರು. ಆಮೇಲೆ ಒಂದೇ ಉಸಿರಿಗೆ ಎಳೆದರು. ರಿವೆಟ್ಟು ಹೊಡೆದು ಬೆಂಚಿಗೆ ಬಿಗಿಯುವಾಗ ಊಟದ ಹೊತ್ತು ಮೀರಿತ್ತು. ವಾರಿಜ ಕರೆಯಲು ಬಂದವಳು ಕರೆಯದೆ ಹಿಂದೆ ಹೋದಳು.

ಹೇರಲು ಚೀಲಗಳಿರಲಿಲ್ಲ. ಮರಳನ್ನು ಎಂದೋ ಅಂಗಳಕ್ಕೆ ಸುರಿದಾಗಿತ್ತು. ಭಾವ ಕೊಟ್ಟಿಗೆಯ ಸುತ್ತ ನೋಡಿದರು. ಮತ್ತೆ ತೂಕ ಅಂದಾಜು ಮಾಡುವ ಹಾಗೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಹತ್ತಿ."

ಮಾಡಿನ ಅಡ್ಡಪಕ್ಕಾಸಿಗೆ ಕಟ್ಟಿದ್ದ ಹಗ್ಗವನ್ನು ಹಿಡಿದು, ಸ್ಟೂಲಿನಿಂದ ಆ ತುಂಡಿನ ತುದಿಗೆ ಒಂದು ಕಾಲು ಇಟ್ಟೆ. ಎಪ್ಪತ್ತು ದಾಟಿದ ಮೈ. ಇನ್ನೊಂದು ಕಾಲನ್ನೂ ತಂದೆ. ಹಗ್ಗ ಬಿಡಿ ಎಂದರು. ಬಿಟ್ಟು, ಪಕ್ಕದ ಗೋಡೆಗೆ ಬರೀ ಬೆರಳು ತಾಗಿಸಿ ನಿಂತೆ. ತಗಡು ಸ್ವಲ್ಪ ಬಾಗಿ ನಿಂತಿತು. ಶಬ್ದವೇನೂ ಬರಲಿಲ್ಲ. ಭಾವ ಕೆಳಗೆ ಕೂತು, ಮೊಬೈಲಿನ ಟಾರ್ಚ್ ಹಾಕಿ, ಮಡಚಿದ ಗೆರೆಯನ್ನು ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ನೋಡಿದರು. ಆಮೇಲೆ ವಾರಿಜಳನ್ನು ಕರೆದರು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಅವರ ಪಕ್ಕ ಬಗ್ಗಿದಳು.

"ಏನಾದ್ರೂ ಕಾಣ್ತದಾ?"

"ಏನೂ ಇಲ್ಲ."

"ಸರಿ ನೋಡು."

"ಇಲ್ಲ ಅಂತ ಹೇಳಿದೆನಲ್ಲ."

ಭಾವ ಗೆರೆಯ ಮೇಲೆ ಬೆರಳು ಇಟ್ಟುಕೊಂಡೇ, ಹಾಗಾದರೆ ಅಲ್ಲಿ ಹ್ಯಾಂಗರಿನಲ್ಲಿ ಮಡಚಿದ್ದೂ ಸರಿಯೇ ಇತ್ತು ಎಂದರು. ನಮ್ಮಿಬ್ಬರಿಗೂ ಹೇಳಿದ ಹಾಗಿರಲಿಲ್ಲ. ವಾರಿಜ ಅವರ ಬೆನ್ನ ಮೇಲೆ ಕೈ ಇಟ್ಟಳು. ನನ್ನ ಮೊಣಕಾಲು ನೋಯಲು ಶುರುವಾಗಿತ್ತು. ಇಳಿಯಲೇ ಎಂದು ಕೇಳಿದೆ.

"ನಿಲ್ಲಿ ಭಾವ" ಎಂದರು ತಲೆ ಎತ್ತದೆ. "ನಾನು ಇನ್ನೂ ನೋಡಿ ಆಗಲಿಲ್ಲ."